ಎಂಟು ಉಬ್ಬುಗಳ ಸೇಡು

ಸಿಟ್ಟು ಕೆಲವರಿಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬಂದ ಹಾಗೆಯೇ ಇಳಿದು ಹೋಗುತ್ತದೆ, ಮರುದಿನ ಕೇಳಿದರೆ ಯಾಕೆ ಬಂದಿತ್ತೆಂದು ಅವರಿಗೇ ನೆನಪಿರುವುದಿಲ್ಲ. ಇನ್ನು ಕೆಲವರು ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ತುಕ್ಕು ಹಿಡಿಯದ ಹಾಗೆ ವರ್ಷಗಟ್ಟಲೆ ಕಾಪಾಡಿಕೊಂಡು ಬರುತ್ತಾರೆ. ಕೂದಲೆಳೆ ಈ ಎರಡನೆಯ ಪಂಗಡದವನು. ಅವನ ಸಿಟ್ಟಿಗೆ ಹದಿನೆಂಟು ತುಂಬಿ ಮತ ಹಾಕುವ ವಯಸ್ಸಾಗಿತ್ತು.

ಕೂದಲೆಳೆ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕ್ಯಾಮ್‌ಶಾಫ್ಟ್ ಗ್ರೈಂಡಿಂಗ್‌ನಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬಿಡುವುದಿಲ್ಲವಲ್ಲ, ಅದಕ್ಕೆ ಜೊತೆಯವರು ಗೇಲಿಗೆ ಇಟ್ಟದ್ದು. ಗೇಲಿ ಹೋಗಿ ಹೆಸರಷ್ಟೇ ಉಳಿಯಿತು. ಮನೆಯ ಹಿಂದಿನ ತಗಡಿನ ಶೆಡ್ಡಿನ ಬೋರ್ಡಿನ ಮೇಲೂ ಈಗ ಅದೇ ಇದೆ.

ಅವನ ಕಸುಬು ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಕ್ಯಾಮ್‌ಶಾಫ್ಟ್ ಅಂದರೆ ಎಂಜಿನ್ನಿನ ತಲೆಯೊಳಗೆ ತಿರುಗುವ, ಮೊಳದುದ್ದದ ಕಬ್ಬಿಣದ ಕೋಲು. ಅದರ ಮೈಮೇಲೆ ಕೋಳಿಮೊಟ್ಟೆಯ ಆಕಾರದ ಉಬ್ಬುಗಳು. ಒಂದೊಂದು ಉಬ್ಬು ಒಂದೊಂದು ವಾಲ್ವನ್ನು, ಅಂದರೆ ಎಂಜಿನ್ ಉಸಿರಾಡುವ ಬಾಗಿಲನ್ನು, ಒತ್ತಿ ತೆರೆಯುತ್ತದೆ, ಬಿಟ್ಟಾಗ ವಾಲ್ವು ಮುಚ್ಚಿಕೊಳ್ಳುತ್ತದೆ. ಬಾಗಿಲು ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದು ಆ ಉಬ್ಬಿನ ಆಕಾರದಲ್ಲಿದೆ. ಗಾಡಿ ಹಸುವಾಗುತ್ತದೋ ಕುದುರೆಯಾಗುತ್ತದೋ ಅಲ್ಲೇ ತೀರ್ಮಾನ. ಆ ಉಬ್ಬುಗಳನ್ನು ಸಾಣೆಕಲ್ಲಿಗೆ ಹಿಡಿದು ಆಕಾರಕ್ಕೆ ತರುವುದೇ ಗ್ರೈಂಡಿಂಗ್. ಈ ಕೆಲಸವನ್ನು ಹೊಸ ಕೋಲಿನ ಮೇಲೆ ಕೈಯಾರೆ ಮಾಡಬಲ್ಲವನು ಆ ಊರಿನಲ್ಲಿ ಇವನೊಬ್ಬನೇ ಉಳಿದಿದ್ದ.

ಕಲಿಸಿದವರು ದೊಡ್ಡ ಮೇಸ್ತ್ರಿ. ಅವರ ಗ್ಯಾರೇಜಿನಲ್ಲಿ ಕೂದಲೆಳೆ ಹನ್ನೊಂದು ವರ್ಷ ಇದ್ದ, ಅವರ ಹೆಂಡತಿ ದೊಡ್ಡಮ್ಮನ ಕೈ ಅಡುಗೆ ಉಂಡು ಬೆಳೆದ. ಜೊತೆಗೆ ಕಲಿಯುತ್ತಿದ್ದವನು ಇನ್ನೊಬ್ಬ. ನೋಡಲು ಲಕ್ಷಣವಾಗಿದ್ದ, ಮಾತು ಬೆಣ್ಣೆಯಂತೆ, ಗಿರಾಕಿಗಳಿಗೆಲ್ಲ ಅಚ್ಚುಮೆಚ್ಚು. ಹದಿನೆಂಟು ವರ್ಷದ ಹಿಂದೆ ಒಂದು ರೇಸ್ ಎಂಜಿನ್ ಬಂತು. ಕ್ಯಾಮ್ ಗ್ರೈಂಡ್ ಮಾಡಿದವನು ಕೂದಲೆಳೆ, ಎಂಜಿನ್ನಿಗೆ ಕೂರಿಸಿದವನು ಆ ಇನ್ನೊಬ್ಬ. ಕೀ ತಿರುಗಿಸಿದ ಕೂಡಲೇ ವಾಲ್ವುಗಳು ಹೋಗಿ ಪಿಸ್ಟನ್ನಿಗೆ ಬಡಿದು ಎಂಜಿನ್ ಚೂರಾಯಿತು. ಅವನು ಕಣ್ಣು ಮಿಟುಕಿಸದೆ ಹೇಳಿದ, ಕ್ಯಾಮ್ ಗ್ರೈಂಡಿಂಗೇ ತಪ್ಪಾಗಿದೆ ಎಂದು. ದೊಡ್ಡ ಮೇಸ್ತ್ರಿ ಎಂಜಿನ್ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೂದಲೆಳೆಯ ಕಡೆ ತಿರುಗಿ, ನಾಳೆಯಿಂದ ಬರುವುದು ಬೇಡ ಅಂದರು. ಮುಚ್ಚಳ ತೆಗೆದು ನೋಡಿ ಎನ್ನುವಷ್ಟೂ ಹೊತ್ತು ಕೊಡಲಿಲ್ಲ. ಹದಿನಾಲ್ಕು ಜನ ನೋಡುತ್ತಿದ್ದರು.

ಎಂಟು ದಿನಕ್ಕೆ ಆ ಇನ್ನೊಬ್ಬ ದೊಡ್ಡ ಮೇಸ್ತ್ರಿಯ ಮಗಳನ್ನು ಮದುವೆಯಾದ. ಅಂದಿನಿಂದ ಎದುರಿನ ಪಂಕ್ಚರ್ ಅಂಗಡಿಯವನಿಗೂ ಅವನು ಅಳಿಯ, ಬ್ಯಾಂಕಿನವರಿಗೂ ಅಳಿಯ. ಕೈಗೆ ಗ್ರೀಸು ಅಂಟುವ ಕೆಲಸವನ್ನೆಲ್ಲ ಸಂಬಳದವರಿಗೆ ಬಿಟ್ಟು, ಗಾಜಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡ. ಆರು ವರ್ಷದ ಮೇಲೆ ದೊಡ್ಡ ಮೇಸ್ತ್ರಿ ತೀರಿಕೊಂಡರು. ಕೂದಲೆಳೆ ರಸ್ತೆಯ ತಿರುವಿನವರೆಗೆ ಹೋಗಿ, ಅಲ್ಲೇ ನಿಂತು, ಮುಖ ನೋಡದೆ ವಾಪಸು ಬಂದ. ತನ್ನನ್ನು ಕೆಲಸಗೇಡಿ ಅಂದುಕೊಂಡೇ ಅವರು ಕಣ್ಣು ಮುಚ್ಚಿದರಲ್ಲ, ಆ ಸಂಕಟ ಅವನನ್ನು ಬಿಡಲೇ ಇಲ್ಲ. ಅವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಪಾಪ, ಮೋಸ ಹೋದವರು ಅವರು. ಸಿಟ್ಟೆಲ್ಲ ಅಳಿಯನ ಲೆಕ್ಕಕ್ಕೇ.

ಈ ಕತೆಯನ್ನು ಅವನ ಹೆಂಡತಿ ಎಷ್ಟು ಸಲ ಕೇಳಿದ್ದಳೆಂದರೆ, ಎಲ್ಲಿ ನಿಟ್ಟುಸಿರು ಬರುತ್ತದೆ, ಎಲ್ಲಿ ಮೇಜು ಗುದ್ದುತ್ತಾನೆ ಎಂಬುದೂ ಅವಳಿಗೆ ಬಾಯಿಪಾಠ. ಮೇಜು ಗುದ್ದುವ ಜಾಗ ಹತ್ತಿರ ಬಂದರೆ ಲೋಟ ಎತ್ತಿ ಪಕ್ಕಕ್ಕಿಡುತ್ತಿದ್ದಳು.

ಅಂಥವನ ಶೆಡ್ಡಿನ ಮುಂದೆ ಒಂದು ಸೋಮವಾರ ಬೆಳಿಗ್ಗೆ ಅಳಿಯ ಬಂದು ನಿಂತ. ತಲೆಗೂದಲಿಗೆ ಬಣ್ಣ, ಕಂಕುಳಲ್ಲಿ ಒಂದು ಕಾರು ಪತ್ರಿಕೆ. ನಿನ್ನೆ ತಾನೆ ಜೊತೆಗೆ ಊಟ ಮಾಡಿ ಎದ್ದವನ ಹಾಗೆ ಹೆಗಲ ಮೇಲೆ ಕೈ ಹಾಕಿ, ಹೇಗಿದ್ದೀಯಾ ಎಂದು ಕೇಳಿದ. ಬಂದ ಕಾರಣವನ್ನೂ ಹೇಳಿದ. ದೊಡ್ಡ ಮೇಸ್ತ್ರಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅವರು ಹೋದಾಗಿನಿಂದ ಮುಸುಕು ಹೊದ್ದು ನಿಂತಿದೆ. ಬರುವ ತಿಂಗಳು ಹಳೇ ಕಾರುಗಳೆಲ್ಲ ಊರ ಸುತ್ತ ಮೆರವಣಿಗೆ ಹೊರಡುತ್ತವೆ, ಅದರಲ್ಲಿ ತಾನು ಇದನ್ನು ಓಡಿಸಬೇಕು. ಪಕ್ಕದ ಸೀಟಿನಲ್ಲಿ ಇನ್ನೊಂದು ಸಲ ಕೂರಬೇಕೆಂದು ಅತ್ತೆಗೂ ಆಸೆ. ಹಳೇ ಕ್ಯಾಮ್ ಸವೆದುಹೋಗಿದೆ, ಹೊಸದು ಮಾಡಿಕೊಡುವವರು ಬೇರೆ ಯಾರೂ ಇಲ್ಲ.

"ಮಾಡಿದ್ರೆ ಇದನ್ನೇ ಮಾಡು," ಎಂದು ಪತ್ರಿಕೆ ಬಿಚ್ಚಿ ಬೆರಳಿಟ್ಟ. ಮುನ್ನೂರ ನಾಲ್ಕು ಡಿಗ್ರಿ, ಪಕ್ಕಾ ರೇಸಿನ ಕ್ಯಾಮ್. "ಸದ್ದು ಕೇಳಿದೋರು ಬೀದಿಲಿ ನಿಂತು ನೋಡ್ಬೇಕು."

ನಿಜ, ನೋಡುತ್ತಾರೆ ಎಂದುಕೊಂಡ ಕೂದಲೆಳೆ. ಕ್ಯಾಮ್ ಆರಿಸುವಾಗ ಜನ ಮಾಡುವ ತಪ್ಪೇ ಇದು. ದೊಡ್ಡ ಅಂಕಿ ಕಂಡರೆ ಬಾಯಲ್ಲಿ ನೀರು. ಡಿಗ್ರಿ ಹೆಚ್ಚಿದಷ್ಟೂ ವಾಲ್ವು ಹೆಚ್ಚು ಹೊತ್ತು ತೆರೆದಿರುತ್ತದೆ. ವಾಲ್ವು ಅಷ್ಟು ಹೊತ್ತು ತೆರೆದೇ ಇದ್ದರೆ ಎಂಜಿನ್ನು ಏಳು ಸಾವಿರ ಸುತ್ತಿನಲ್ಲಿ ಎದೆತುಂಬ ಉಸಿರೆಳೆಯುತ್ತದೆ, ಸರಿ. ಆದರೆ ಊರೊಳಗೆ ಏಳು ಸಾವಿರ ಸುತ್ತು ತಿರುಗಿಸಲು ಜಾಗ ಎಲ್ಲಿದೆ? ಎರಡು ಸಾವಿರದಲ್ಲಿ ಒಳಗೆಳೆದ ಉಸಿರು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಗಾಡಿ ಸಿಗ್ನಲ್ಲಿನಲ್ಲಿ ಮಲೇರಿಯಾ ಬಂದವರ ಹಾಗೆ ನಡುಗುತ್ತದೆ, ಕ್ಲಚ್ ಬಿಟ್ಟರೆ ಮುಗ್ಗರಿಸಿ ಆಫ್ ಆಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮೆರವಣಿಗೆಯಲ್ಲಿ, ಇಡೀ ಕಸುಬಿನವರ ಕಣ್ಣೆದುರಿಗೆ, ಅಳಿಯ ಇಳಿದು ಗಾಡಿ ತಳ್ಳಬೇಕಾಗುತ್ತದೆ. ಕೂದಲೆಳೆಗೆ ಆ ಚಿತ್ರ ಎಷ್ಟು ಸಿಹಿಯಾಗಿ ಕಂಡಿತೆಂದರೆ, ನೋಡೋಣ ಬಿಡು, ಎರಡು ದಿನ ಬಿಟ್ಟು ಹೇಳುತ್ತೇನೆ ಎಂದು ನಯವಾಗಿಯೇ ಹೇಳಿ ಕಳಿಸಿದ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಈ ಯೋಜನೆ ಹೇಳಿದ. ತಾನು ಏನೂ ಮಾಡಬೇಕಾಗಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಕೊಟ್ಟರೆ ಸಾಕು. ಅವಳು ಅನ್ನ ಕಲಸುತ್ತಲೇ ಎಲ್ಲ ಕೇಳಿಸಿಕೊಂಡಳು.

"ಗಾಡಿ ನಿಂತ್ರೆ ಅವನೇನಂತಾನೆ?" ಎಂದು ಕೇಳಿದಳು.

"ಏನಂತಾನೆ?"

"ಹದಿನೆಂಟು ವರ್ಷದ ಹಿಂದೆ ಅಂದಿದ್ದನ್ನೇ ಅಂತಾನೆ. ಕ್ಯಾಮ್ ಸರಿಯಿಲ್ಲ ಅಂತಾನೆ. ನಿಮಗೆ ಇನ್ನೊಂದು ಸಲ ಕೇಳ್ಬೇಕಾ ಅದನ್ನ?"

ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಕೋಪ ಬಂತು. ಇನ್ನೊಂದು ವಿಷಯವೂ ಇತ್ತು. ಅಷ್ಟು ದೊಡ್ಡ ಕ್ಯಾಮ್ ಹಾಕಿದರೆ ಎಂಜಿನ್ನು ಗಾಳಿ ಹೀರುವ ಎಳೆತ ಕುಸಿಯುತ್ತದೆ, ಬ್ರೇಕಿಗೆ ಬಲ ಕೊಡುವುದು ಆ ಎಳೆತವೇ. ಪೆಡಲ್ ಕಲ್ಲಾಗುತ್ತದೆ, ಒತ್ತಿದರೂ ಗಾಡಿ ಬೇಗ ನಿಲ್ಲುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂರುವುದು ಎಪ್ಪತ್ತೊಂಬತ್ತು ವರ್ಷದ ದೊಡ್ಡಮ್ಮ. ಅಳಿಯನ ಹಲ್ಲು ಉದುರಿದರೆ ಅವನಿಗೆ ಸಂತೋಷವೇ, ಆದರೆ ಆ ಮುದುಕಿಯ ಮೈಮೇಲೆ ಗೀರು ಬೀಳಬಾರದು.

ಎರಡು ದಿನ ಅವನು ಅದನ್ನೇ ಮೆಲುಕು ಹಾಕಿದ. ಮೂರನೆಯ ದಿನ ದಾರಿ ಸಿಕ್ಕಿತು. ತಪ್ಪು ಕ್ಯಾಮ್ ಕೊಟ್ಟು ಸೇಡು ತೀರಿಸಿಕೊಳ್ಳುವುದು ಅಡ್ಡಕಸುಬಿಯ ಕೆಲಸ. ಸರಿಯಾದ ಕ್ಯಾಮನ್ನೇ ಕೊಡಬೇಕು, ಯಾರೂ ಬೆರಳು ತೋರಿಸಲಾಗದ್ದನ್ನು ಕೊಡಬೇಕು. ಕೊಟ್ಟು, ಅದನ್ನು ಅಳಿಯನ ಕೈಯಿಂದಲೇ, ಜನರ ಮುಂದೆ, ದೊಡ್ಡಮ್ಮನ ಮುಂದೆ ಕೂರಿಸಬೇಕು. ಕೂರಿಸಲು ಅವನಿಗೆ ಬರುವುದಿಲ್ಲ. ಅವತ್ತೂ ಬರುತ್ತಿರಲಿಲ್ಲ.

ಗಾಜಿನ ಕೋಣೆಗೆ ತಾನೇ ಹೋದ. ಫೀಸು ಬೇಡ, ಒಂದು ಷರತ್ತು ಇದೆ ಅಂದ. ಮೆರವಣಿಗೆಯ ಹಿಂದಿನ ದಿನ ಎಲ್ಲ ಮೇಸ್ತ್ರಿಗಳನ್ನೂ ಕರೆದು, ದೊಡ್ಡಮ್ಮನನ್ನೂ ಕೂರಿಸಿಕೊಂಡು, ಅಳಿಯನೇ ತನ್ನ ಕೈಯಾರೆ ಕ್ಯಾಮ್ ಹಾಕಬೇಕು. ಮಾವನ ಗಾಡಿಗೆ ಅಳಿಯನ ಕೈ ಅಂತ ನಾಲ್ಕು ಜನ ನೋಡಲಿ. ಅಳಿಯ ಉಬ್ಬಿಹೋದ. ಹಳೇ ಗೆಳೆಯ ಸೋತು ಶರಣಾಗಿದ್ದಾನೆ, ತನಗೆ ವೇದಿಕೆ ಕಟ್ಟಿಕೊಡುತ್ತಿದ್ದಾನೆ ಎಂದುಕೊಂಡ. ಪಟ್ಟಂತ ಒಪ್ಪಿದ. ಆ ಮುನ್ನೂರ ನಾಲ್ಕು ಬೇಡ, ದೊಡ್ಡಮ್ಮ ಕೂರುವ ಗಾಡಿ, ಆಯ್ಕೆ ನನಗೆ ಬಿಡು ಅಂದದ್ದಕ್ಕೂ ಹೂಂಗುಟ್ಟಿದ.

ಕೂದಲೆಳೆ ಕ್ಯಾಮ್ ಆರಿಸಲು ಹಿಡಿದ ಸಮಯದಲ್ಲಿ ಇನ್ನೊಬ್ಬರು ಹೆಣ್ಣು ಹುಡುಕಿ ಮದುವೆ ಮಾಡಿ ಮುಗಿಸುತ್ತಿದ್ದರು. ಮೆರವಣಿಗೆಯ ದಾರಿಯನ್ನು ಬಸ್ಸಿನಲ್ಲಿ ಎರಡು ಸಲ ಸುತ್ತಿದ. ಹದಿಮೂರು ಸಿಗ್ನಲ್, ಒಂದು ಏರು, ಕೊನೆಯಲ್ಲಿ ಎರಡು ಮೈಲಿ ಖಾಲಿ ರಸ್ತೆ. ಗಾಡಿಯ ತೂಕ ನೋಡಿದ, ಹಿಂದಿನ ಚಕ್ರದ ಗೇರು ಎಷ್ಟರದು ನೋಡಿದ, ಸಿಲಿಂಡರಿನ ಒತ್ತಡ ಅಳೆದ. ಇನ್ನೂರ ಐವತ್ತೆರಡು ಡಿಗ್ರಿ ಹಾಕಿದರೆ ದಿನಸಿ ತರಲು ಲಾಯಕ್ಕು, ಆದರೆ ಖಾಲಿ ರಸ್ತೆಯಲ್ಲಿ ಉಸಿರು ಕಟ್ಟುತ್ತದೆ. ಇನ್ನೂರ ಎಂಬತ್ತು ಹಾಕಿದರೆ ಖಾಲಿ ರಸ್ತೆಯಲ್ಲಿ ಹಾರುತ್ತದೆ, ಸಿಗ್ನಲ್ಲಿನಲ್ಲಿ ಗೊಣಗುತ್ತದೆ. ಅಳೆದು ಸುರಿದು ಇನ್ನೂರ ಅರವತ್ತಾರಕ್ಕೆ ಬಂದು ನಿಂತ, ಉಬ್ಬಿನ ಎತ್ತರ ಹತ್ತು ಮಿಲಿಮೀಟರ್. ಎರಡು ಸಾವಿರದಿಂದಲೇ ಎಳೆಯಬೇಕು, ಆರು ಸಾವಿರದವರೆಗೆ ಸುಸ್ತಾಗಬಾರದು. ಹೆಂಡತಿ ನೋಡಿ, ಇಷ್ಟು ಯೋಚನೆ ನನ್ನನ್ನ ನೋಡೋಕೆ ಬಂದಾಗಲೂ ಮಾಡಿರಲಿಲ್ಲ ಎಂದಳು.

ಗ್ರೈಂಡಿಂಗ್ ಹದಿನಾರು ದಿನ ನಡೆಯಿತು. ಒಂದು ಉಬ್ಬಿಗೆ ಎರಡು ದಿನ. ಅಷ್ಟು ಬೇಕಾಗಿರಲಿಲ್ಲ, ಅರ್ಧ ದಿನ ಸಾಕು. ಆದರೆ ದೊಡ್ಡ ಮೇಸ್ತ್ರಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ ಎಂದುಕೊಂಡು ಅವನು ಕೆಲಸ ಮಾಡುತ್ತಿದ್ದ. ಮುಗಿದ ಮೇಲೆ ಎಂಟು ಉಬ್ಬುಗಳಲ್ಲೂ ಗೇಜಿನ ಮುಳ್ಳು ಒಂದೇ ಕಡೆ ನಿಂತಿತು. ಇಂಥದ್ದು ತನ್ನ ಕೈಯಿಂದ ಮತ್ತೆ ಬರುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಇದನ್ನು ನೋಡಿದ್ದರೆ ಅವರು ಏನನ್ನುತ್ತಿದ್ದರು ಎಂದು ಯೋಚಿಸುತ್ತಾ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ.

ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಇಪ್ಪತ್ತು ಜನ ಸೇರಿದ್ದರು. ಹದಿನೆಂಟು ವರ್ಷದ ಹಿಂದೆ ನೋಡಿದವರಲ್ಲಿ ಐದಾರು ಜನ ಅಲ್ಲೇ ಇದ್ದರು. ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಕೂದಲೆಳೆಯನ್ನು ಕಂಡು ಎದ್ದು ನಿಲ್ಲಲು ಹೋದರು, ಅವನೇ ಕೂರಿಸಿದ. ಅಳಿಯ ಹೊಸ ಮೇಲಂಗಿ ಹಾಕಿಕೊಂಡು, ಸ್ಪಾನರನ್ನು ಪೆನ್ನಿನ ಹಾಗೆ ಹಿಡಿದು, ಸುತ್ತಲಿನವರಿಗೆ ಜೋಕು ಹೇಳುತ್ತಿದ್ದ.

ಈಗ ಒಂದು ವಿಷಯ ತಿಳಿದಿರಬೇಕು. ಕ್ಯಾಮ್ ತುದಿಗೆ ಹಲ್ಲಿನ ಚಕ್ರವೊಂದಿರುತ್ತದೆ, ಅದಕ್ಕೆ ಚೈನು. ಚಕ್ರದ ಮೇಲಿನ ಚುಕ್ಕೆಯನ್ನು ಎಂಜಿನ್ನಿನ ಗುರುತಿಗೆ ಸರಿಯಾಗಿ ಹೊಂದಿಸಿ ಕೂರಿಸಬೇಕು. ದೊಡ್ಡ ಮೇಸ್ತ್ರಿ ಯಾವಾಗಲೂ ಬೇರೆ ಮಾದರಿಯ ಗಟ್ಟಿ ಚಕ್ರ ತಂದು ಹಾಕುತ್ತಿದ್ದರು. ಅದರ ಮೇಲೆ ಕಾರ್ಖಾನೆಯ ಚುಕ್ಕೆ ಇರುತ್ತಿತ್ತು, ಆದರೆ ಅದು ಬೇರೆ ಎಂಜಿನ್ನಿನದು. ತಮ್ಮ ಎಂಜಿನ್ನಿಗೆ ಬೇಕಾದ ಚುಕ್ಕೆಯನ್ನು ಮೂರು ಹಲ್ಲು ಆಚೆ ತಾವೇ ಪಂಚ್ ಹೊಡೆಯುತ್ತಿದ್ದರು. ಎರಡು ಚುಕ್ಕೆಯ ಗ್ಯಾರೇಜು ಅದೊಂದೇ. ಅದಕ್ಕೇ ಅವರ ಖಡಾಖಂಡಿತ ನಿಯಮ: ಡಿಗ್ರಿ ಚಕ್ರ, ಅಂದರೆ ಎಂಜಿನ್ ಎಷ್ಟು ತಿರುಗಿತೆಂದು ತೋರಿಸುವ ತಟ್ಟೆ, ಕಟ್ಟಿ ಅಳೆಯಬೇಕು, ಕೀ ಮುಟ್ಟುವ ಮೊದಲು ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಬೇಕು. ಅಳಿಯನಿಗೂ ಹೇಳಿದ್ದರು. ಅದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಗಿತ್ತು.

ಅಳಿಯ ಕ್ಯಾಮ್ ಇಟ್ಟ, ಬೋಲ್ಟು ಬಿಗಿದ, ಚಕ್ರ ತಿರುಗಿಸಿದ. ಎಣ್ಣೆ ಒರೆಸಿ ಚುಕ್ಕೆ ಹುಡುಕಿದ. ಮೊದಲು ಕಣ್ಣಿಗೆ ಬಿದ್ದದ್ದು ಕಾರ್ಖಾನೆಯ ದೊಡ್ಡ ಚುಕ್ಕೆ. ಅದನ್ನೇ ಹೊಂದಿಸಿ ಚೈನು ಹಾಕಿದ. ಕೂದಲೆಳೆ ಕೈಕಟ್ಟಿ ನಿಂತು ನೋಡುತ್ತಿದ್ದ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅವತ್ತೂ ಹೀಗೇ ಆಗಿರಬೇಕೆಂದು ಅವನು ಹದಿನೆಂಟು ವರ್ಷ ಊಹಿಸಿದ್ದ, ಇವತ್ತು ಕಣ್ಣಾರೆ ಕಂಡ.

ಅಳಿಯ ಕೀ ಕಡೆಗೆ ಕೈ ಚಾಚಿದ. ಸುಮ್ಮನಿದ್ದುಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಮತ್ತೆ ಒಂದು ಎಂಜಿನ್ ಚೂರಾಗಲಿ. ಆದರೆ ಒಳಗಿರುವುದು ತನ್ನ ಕ್ಯಾಮು, ಸುತ್ತ ಇರುವುದು ಗುರುವಿನ ಎಂಜಿನ್ನು.

"ಕೈಯಲ್ಲಿ ಎರಡು ಸುತ್ತು," ಅಂದ.

ಅಳಿಯ ನಕ್ಕು, ನಿಂದೊಂದು ಎಂದು ಗೊಣಗಿ, ಸ್ಪಾನರ್ ಹಾಕಿ ತಿರುಗಿಸಿದ. ಅರ್ಧ ಸುತ್ತಿಗೆ ಠಕ್ ಅಂದು ನಿಂತಿತು. ಮತ್ತೆ ಒತ್ತಿದ, ಮತ್ತೆ ಠಕ್. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಇಪ್ಪತ್ತು ಮೇಸ್ತ್ರಿಗಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೋಕಿಗೆ ನಗುತ್ತಿದ್ದವರೆಲ್ಲ ಎಂಜಿನ್ ಕಡೆ ಬಗ್ಗಿದರು. ಅಳಿಯ ಹಣೆ ಒರೆಸಿಕೊಂಡು, ಹಳೇ ಚಾಳಿಯಂತೆ ಬಾಯಿ ತೆರೆದ.

"ಇದು ಕ್ಯಾಮ್ ಗ್ರೈಂಡಿಂಗ್‌ದೇ ಏನೋ..."

ಕೂದಲೆಳೆ ಮಾತು ಮುಗಿಸಲು ಬಿಡಲಿಲ್ಲ. ಡಿಗ್ರಿ ಚಕ್ರ ಕಟ್ಟಿದ, ಗೇಜು ಇಟ್ಟ, ಅಳಿಯ ಹೊಂದಿಸಿದ ಚುಕ್ಕೆ ತೋರಿಸಿದ. ಅಲ್ಲಿಂದ ಮೂರು ಹಲ್ಲು ಎಣಿಸಿ ಬೆರಳಿನಿಂದ ಎಣ್ಣೆ ಒರೆಸಿದ. ಗುರುವಿನ ಪಂಚ್ ಗುರುತು ಮೇಲೆ ಬಂತು. ಚೈನು ತೆಗೆದು ಆ ಗುರುತಿಗೆ ಹಾಕಿ, ಎರಡೇ ಬೆರಳಲ್ಲಿ ಸ್ಪಾನರ್ ಹಿಡಿದು ತಿರುಗಿಸಿದ. ಎರಡು ಸುತ್ತು, ಮೂರು ಸುತ್ತು, ನಾಲ್ಕು ಸುತ್ತು. ಎಲ್ಲೂ ತಡೆಯಲಿಲ್ಲ.

"ಅವತ್ತು ಆಗಿದ್ದೂ ಇದೇ," ಎಂದ, ಎಲ್ಲರಿಗೂ ಕೇಳುವ ಹಾಗೆ. ಅಳಿಯನ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಹಳಬರೊಬ್ಬರು ತಲೆ ತಗ್ಗಿಸಿದರು. ಹದಿನೆಂಟು ವರ್ಷ ಕಾದಿದ್ದು ಇದಕ್ಕೇ. ಕೂದಲೆಳೆ ದೊಡ್ಡಮ್ಮನ ಕಡೆ ತಿರುಗಿದ. "ನೋಡಿದ್ರಲ್ಲ ಅಮ್ಮ. ಅವರು ಇದ್ದಿದ್ರೆ ತೋರಿಸ್ತಿದ್ದೆ. ಗೊತ್ತಾಗದೇನೇ ಹೋಗ್ಬಿಟ್ರು."

ದೊಡ್ಡಮ್ಮ ಅವನನ್ನು ಹತ್ತಿರ ಕರೆದರು.

"ಅವರಿಗೆ ಗೊತ್ತಿತ್ತು ಮಗಾ," ಅಂದರು.

ಕುರ್ಚಿಯ ತುದಿಗೆ ಸರಿದು ದೊಡ್ಡಮ್ಮನೇ ಮುಂದುವರಿಸಿದರು.

"ಅವತ್ತು ನೀನು ಹೋದ್ಮೇಲೆ ಒಬ್ಬರೇ ಕೂತು ಎಂಜಿನ್ ಬಿಚ್ಚಿದ್ರು. ಚಕ್ರ ಕೈಯಲ್ಲಿ ಹಿಡ್ಕೊಂಡೇ ಊಟಕ್ಕೆ ಬಂದ್ರು. ತಪ್ಪು ಇವಂದೇ, ಅಳಿಯ ಆಗೋನ್ದೇ ಅಂದ್ರು. ಹಾಗಾದ್ರೆ ನಿನ್ನ ವಾಪಸ್ ಕರೀರಿ ಅಂದೆ. ಎಂಟು ದಿನಕ್ಕೆ ಮದುವೆ, ಕಾಗದ ಹಂಚಿ ಆಗಿದೆ ಅಂದ್ರು. ಅವನ ಕೈಲಿ ಕೆಲಸ ಇದೆ, ಎಲ್ಲಿ ಬಿಸಾಕಿದ್ರೂ ಬದುಕ್ಕೋತಾನೆ. ಇವನ ಹತ್ರ ಹೆಸರು ಬಿಟ್ರೆ ಏನೂ ಇಲ್ಲ, ಅದೂ ಹೋದ್ರೆ ನನ್ನ ಮಗಳ ಗತಿ ಏನು ಅಂದ್ರು."

ಮಾವನನ್ನು ಏಮಾರಿಸಿದೆ ಎಂದು ಇಷ್ಟು ವರ್ಷ ಬೀಗಿದ್ದ ಅಳಿಯ, ತನ್ನ ಕುರ್ಚಿ ತನಗೆ ಕರುಣೆಯಿಂದ ಸಿಕ್ಕಿದ್ದು ಎಂಬುದನ್ನು ಇಪ್ಪತ್ತು ಜನರ ಮುಂದೆ ಕೇಳಿದ. ಕೂದಲೆಳೆ ಕಟ್ಟಿದ ಬಲೆಗಿಂತ ದೊಡ್ಡ ಬಲೆಗೆ ಅವನು ಬಿದ್ದಿದ್ದ. ಅದನ್ನು ನೋಡಿ ಕುಣಿಯಬೇಕಾಗಿತ್ತು. ಆದರೆ ಕೂದಲೆಳೆ ಅವನ ಕಡೆ ನೋಡಲೇ ಇಲ್ಲ. ಮೋಸ ಹೋದವರೆಂದು ತಾನು ಮರುಗಿದ್ದ ಮನುಷ್ಯ ಮೋಸ ಹೋಗಿರಲಿಲ್ಲ. ಕೂತು, ಉಂಡು, ತೂಗಿ ನೋಡಿ, ತನ್ನನ್ನು ಬಿಸಾಕಿದ್ದರು. ಬಿಸಾಕಿದ್ದು ಕೆಲಸ ಬರುವುದಿಲ್ಲ ಎಂದಲ್ಲ, ಬರುತ್ತದೆ ಎಂದು.

"ಕ್ಷಮಿಸಿಬಿಡಪ್ಪ," ಎಂದರು ದೊಡ್ಡಮ್ಮ. "ಹೋದವರ ಮೇಲೆ ಏನು."

"ಆಗಲ್ಲ ಅಮ್ಮ."

ಅವನು ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಕ್ಯಾಮನ್ನು ಹೊರಗೆ ತೆಗೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಯಾರೂ ತಡೆಯಲಿಲ್ಲ, ಆ ಕ್ಯಾಮಿಗೆ ಅವನು ಫೀಸು ತೆಗೆದುಕೊಂಡಿರಲಿಲ್ಲವಲ್ಲ. ನಾಳೆ ಗಾಡಿಯ ಗತಿ ಏನು ಎಂದು ಅಳಿಯ ಇಷ್ಟೇ ಇಷ್ಟು ದನಿಯಲ್ಲಿ ಕೇಳಿದ.

"ಹೆಸರಿದೆಯಲ್ಲ," ಅಂದ ಕೂದಲೆಳೆ, "ಅದನ್ನೇ ಹಾಕಿ ಓಡ್ಸು."

ಮನೆಗೆ ಬಂದವನು ಚಪ್ಪಲಿ ಬಿಡದೆ ನೇರ ಶೆಡ್ಡಿಗೆ ಹೋದ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದಿತ್ತು. ಕ್ಯಾಮನ್ನು ಯಂತ್ರಕ್ಕೆ ಕಟ್ಟಿದ, ಉಬ್ಬಿನ ಆಕಾರ ಕೊಡುವ ಅಚ್ಚನ್ನು ಕಳಚಿ ಪಕ್ಕಕ್ಕಿಟ್ಟ, ಕಲ್ಲಿನ ಚಕ್ರ ಚಾಲೂ ಮಾಡಿದ. ಅಚ್ಚು ಇಲ್ಲದಿದ್ದರೆ ಯಂತ್ರಕ್ಕೆ ಗೊತ್ತಿರುವುದು ದುಂಡಗೆ ಮಾಡುವುದೊಂದೇ. ಎರಡು ದಿನ ಹಿಡಿದಿದ್ದ ಮೊದಲನೆಯ ಉಬ್ಬು ಕಾಲು ಗಂಟೆಯಲ್ಲಿ ಸವೆದು ಕೋಲಿನ ಮಟ್ಟಕ್ಕೆ ಬಂತು. ಎರಡನೆಯದೂ ಹೋಯಿತು.

ಸದ್ದು ಬೇರೆ ಥರ ಇದೆ ಎಂದು ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. ಕಲ್ಲಿನ ಕೆಳಗೆ ಏನು ಸವೆಯುತ್ತಿದೆ ಎಂದು ನೋಡಿ ಬಾಗಿಲಲ್ಲೇ ನಿಂತಳು.

"ಹೆಸರು ವಾಪಸ್ ಬಂತಾ?" ಎಂದು ಕೇಳಿದಳು.

"ಬಂತು."

"ಮತ್ತೆ ಇದ್ಯಾಕೆ?"

"ಅವರಿಗೆ ಗೊತ್ತಿತ್ತಂತೆ ಕಣೇ," ಅಂದ. "ಅವತ್ತೇ ಗೊತ್ತಿತ್ತಂತೆ. ನಾನು ಇದನ್ನ ಅವರಿಗೆ ಅಂತ ಮಾಡಿದ್ದೆ."

ಮೇನ್ ಸ್ವಿಚ್ಚು ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಸತ್ತವರಿಗೆ ಇದು ತಾಗುವುದಿಲ್ಲ, ಹೋಗುತ್ತಿರುವುದು ನಿಮ್ಮ ಕೈಕೆಲಸವೇ ಎಂದು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಇನ್ನೆಷ್ಟು ಉಳಿದಿವೆ ಎಂದು ಮಾತ್ರ ಕೇಳಿದಳು. ಆರು ಅಂದ. ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.

ಅವನು ಕಲ್ಲನ್ನು ಮೂರನೆಯ ಉಬ್ಬಿಗೆ ತಂದ. ಗೇಜು ಕೈಗೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೂ, ಕಣ್ಣು ತುಂಬಿದ್ದರಿಂದ, ಮುಳ್ಳು ಎಲ್ಲಿದೆ ಎಂದು ಅವನಿಗೆ ಕಾಣುತ್ತಿರಲಿಲ್ಲ.